ಜೇಬಿನಲ್ಲಿ ಸಿಕ್ಕ ಮನೆ

ಬಟ್ಟೆ ನೆನೆಹಾಕುವ ಮೊದಲು ಜೇಬು ತಡಕುವುದು ನನ್ನ ಹಳೆಯ ಅಭ್ಯಾಸ. ನನ್ನ ಗಂಡನ ಪ್ಯಾಂಟಿನ ಜೇಬೆಂದರೆ ಅರ್ಧ ಬಡಗಿ ಅಂಗಡಿ. ಮೊಂಡು ಪೆನ್ಸಿಲು, ಉಪ್ಪುಕಾಗದದ ಚೂರು, ಒಂದೆರಡು ಸ್ಕ್ರೂ, ಹಿಡಿಯಷ್ಟು ಮರದ ಪುಡಿ. ಒಮ್ಮೆ ಮರೆತು ನೆನೆಹಾಕಿದ್ದಕ್ಕೆ ಸ್ಕ್ರೂ ಸಿಕ್ಕಿಕೊಂಡು ಮಗಳ ಶಾಲೆಯ ಅಂಗಿ ಹರಿದಿತ್ತು. ಅಂದಿನಿಂದ ಮೊದಲು ಜೇಬು, ಆಮೇಲೆ ನೀರು.

ಆ ಸೋಮವಾರ ಅವರು ಬೇರೆ ಪ್ಯಾಂಟು ಹಾಕಿಕೊಂಡು ಬೇಗನೆ ಕೆಲಸಕ್ಕೆ ಹೋಗಿದ್ದರು. ಶನಿವಾರದ ಪ್ಯಾಂಟಿನ ಬಲಜೇಬಿಗೆ ಕೈಹಾಕಿದರೆ ಕಾಗದದಲ್ಲಿ ಸುತ್ತಿದ ಏನೋ ಗಟ್ಟಿಯಾದದ್ದು ಸಿಕ್ಕಿತು. ಬಿಚ್ಚಿದೆ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಮರದ ಮನೆ. ಹೊರಗಿನಿಂದ ಏರುವ ಮೆಟ್ಟಿಲು, ಒಂದು ಕಡೆಗೆ ವಾಲಿದ ತಗಡಿನ ಮಾಡು, ನಲ್ಲಿಯ ಪಕ್ಕದ ಅಡುಗೆಮನೆ ಕಿಟಕಿ. ಓಣಿಯ ತಿರುವಿನಲ್ಲಿ ಗಾಡಿಗಳು ಉಜ್ಜಿ ಉಜ್ಜಿ ಸವೆದುಹೋದ ಗೋಡೆಯ ಮೂಲೆಯನ್ನು ಕೂಡ ಅಷ್ಟೇ ಸವೆಸಿ ಇಟ್ಟಿದ್ದರು. ನಮ್ಮದೇ ಮನೆ. ಅದರ ನೆತ್ತಿಯನ್ನು ನಾನು ನೋಡಿದ್ದು ಅದೇ ಮೊದಲು. ತಿರುಗಿಸಿದರೆ ಬುಡದಲ್ಲಿ ಎರಡು ಪುಟ್ಟ ಮರದ ಮೊಳೆಗಳು, ಪೆನ್ಸಿಲಿನಲ್ಲಿ ಬರೆದ ಹದಿನೇಳು ಎಂಬ ನಮ್ಮ ಮನೆ ನಂಬರು. ಸುತ್ತಿದ್ದ ಕಾಗದ ನಮ್ಮ ಓಣಿಯ ನಕ್ಷೆಯ ಒಂದು ಹರಕು ತುಂಡು. ಅದರಲ್ಲಿ ನಮ್ಮ ಮನೆಗೆ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿತ್ತು.

ಬಕೆಟ್ಟು ತುಂಬಿ ನೀರು ಕಾಲಮೇಲೆ ಹರಿದ ಮೇಲೆಯೇ ನನಗೆ ನಲ್ಲಿಯ ನೆನಪಾದದ್ದು.

ಅಷ್ಟರಲ್ಲಿ ಗುಬ್ಬಿ ಬಾಚಣಿಗೆ ಹಿಡಿದುಕೊಂಡು ಬಂದಳು. ಮಗಳಿಗೆ ನಾವಿಟ್ಟ ಹೆಸರು ಶಾಲೆಗೆ; ಮನೆಗೆ ಅವಳು ಗುಬ್ಬಿಯೇ. ಎರಡನೇ ತರಗತಿ. ಬೀದಿಯಲ್ಲಿ ಬಿದ್ದ ಬಾಟಲಿ ಮುಚ್ಚಳ ಕಂಡರೂ ಅದು ಯಾರದು, ಯಾಕೆ ಬಿತ್ತು, ಅವರಿಗೆ ಈಗ ಬೇಜಾರಾಗಿದೆಯಾ ಎಂದು ಕೇಳುವವಳು. ನನ್ನ ಕೈಯಲ್ಲಿದ್ದದ್ದನ್ನು ನೋಡಿದಳು, ನನ್ನ ಮುಖ ನೋಡಿದಳು.

"ಅಮ್ಮಾ..."

"ಏನು ಮರಿ?"

"ಏನಿಲ್ಲ."

ಅದೇನು ಎಂದು ಕೇಳಲಿಲ್ಲ. ಹಾಗಾದರೆ ಅವಳು ಅದನ್ನು ಮೊದಲೇ ನೋಡಿದ್ದಾಳೆ ಎಂದು ನನಗೆ ಹೊಳೆಯಿತು. ಜಡೆ ಹಾಕುವಾಗ ಎರಡು ಸಲ ಬಾಯಿ ತೆರೆದು ಮುಚ್ಚಿದ್ದು ಅವಳ ಕಿವಿಯ ಹಿಂದಿನ ಅಲುಗಾಟದಿಂದಲೇ ಗೊತ್ತಾಯಿತು. ನಾನು ಒತ್ತಾಯ ಮಾಡಲಿಲ್ಲ. ಮಗುವಿನ ಪ್ರಶ್ನೆ ಒಲೆಯ ಮೇಲಿನ ಹಾಲಿದ್ದ ಹಾಗೆ, ಉರಿ ಹೆಚ್ಚು ಮಾಡಿದರೆ ಚೆಲ್ಲಿಹೋಗುತ್ತದೆ.

ನನ್ನ ಗಂಡ ಕಟ್ಟಡ ವಿನ್ಯಾಸ ಕಲಿಸುವ ಕಾಲೇಜಿನಲ್ಲಿ ಬಡಗಿ. ವಿದ್ಯಾರ್ಥಿಗಳ ಕಟ್ಟಡಗಳ ಪುಟ್ಟ ಮಾದರಿಗಳನ್ನು ಮಾಡುವ ಕಾರ್ಯಾಗಾರ ಅವರದು. ಹನ್ನೊಂದು ವರ್ಷದಲ್ಲಿ ಅವರ ಕೈಯಿಂದ ಎಷ್ಟು ಗಗನಚುಂಬಿಗಳು ಎದ್ದಿವೆಯೋ ಲೆಕ್ಕವಿಲ್ಲ. ವರ್ಷದ ಕೊನೆಗೆ ಎಲ್ಲವೂ ಅಟ್ಟ ಸೇರುತ್ತಿದ್ದವು. ಮೊದಲೆಲ್ಲ ವಿದ್ಯಾರ್ಥಿಗಳು ಹಾಳೆಯ ಮೇಲೆ ಒಂದು ಬಯಲು ಬರೆದುಕೊಂಡು ಅದರಲ್ಲಿ ಮನಸ್ಸಿಗೆ ಬಂದದ್ದನ್ನು ಕಟ್ಟುತ್ತಿದ್ದರಂತೆ. ಎರಡು ವರ್ಷದ ಹಿಂದೆ ಬಂದ ಹೊಸ ಮೇಡಂ ಅದನ್ನು ನಿಲ್ಲಿಸಿದರು. ಜನ ಬದುಕುವ ಬೀದಿಗೆ ಹೋಗಿ ಕೂರಬೇಕು, ಯಾರು ಯಾವ ಹೊತ್ತಿನಲ್ಲಿ ಎಲ್ಲಿ ನಿಲ್ಲುತ್ತಾರೆ, ನೆರಳು ಎಲ್ಲಿ ಬೀಳುತ್ತದೆ, ಯಾವ ಗೋಡೆ ಬಿಸಿಲಿಗೆ ಎಷ್ಟು ಕಾಯುತ್ತದೆ ಎಂದು ಬರೆದುಕೊಳ್ಳಬೇಕು. ಇರುವುದನ್ನು ಕೆಡವದೆ ಹೇಗೆ ಸರಿಪಡಿಸಬಹುದು ಅನ್ನುವುದೇ ಈಗಿನ ಪಾಠ. ಈ ವರ್ಷ ಆ ಪಾಠಕ್ಕೆ ಸಿಕ್ಕಿದ್ದು ನಮ್ಮ ಓಣಿ.

ಇದನ್ನೆಲ್ಲ ಅವರು ಊಟ ಮಾಡುತ್ತ ಖುಷಿಯಿಂದ ಹೇಳಿದ್ದರು. ಓಣಿಯ ಮೂವತ್ತೆರಡು ಮನೆಗಳನ್ನೂ ಬೇರೆಬೇರೆಯಾಗಿ ಮಾಡಿ, ಹಲಗೆಯ ಮೇಲೆ ಮೊಳೆಯಲ್ಲಿ ಕೂರಿಸುತ್ತಾರಂತೆ. ಯಾವ ಮನೆಯನ್ನಾದರೂ ಎತ್ತಬಹುದು, ಸರಿಸಬಹುದು, ವಾಪಸ್ ಇಡಬಹುದು. ಎತ್ತಿ ನೋಡಿದರೇನೇ ಆ ಮನೆ ಏನು ಮಾಡುತ್ತಿತ್ತು ಅಂತ ತಿಳಿಯುವುದು ಎಂಬುದು ಮೇಡಮ್ಮಿನ ಮಾತು. ನಾನು ಹೂಂಗುಟ್ಟಿದೆ. ಆದರೆ ಎತ್ತುವುದು ಎಂಬ ಮಾತು ಕಿವಿಗೆ ಬಿದ್ದಾಗಿನಿಂದ ನನಗೆ ಸಮಾಧಾನವಿರಲಿಲ್ಲ. ಎತ್ತುವುದಾದರೆ ಯಾವುದನ್ನು ಎತ್ತುತ್ತಾರೆ? ಓಣಿ ಇಕ್ಕಟ್ಟಾಗುವುದೇ ನಮ್ಮ ಮನೆಯ ಹತ್ತಿರ. ಕಸದ ಗಾಡಿ ಸಿಕ್ಕಿಹಾಕಿಕೊಳ್ಳುವುದು, ಚಾಲಕ ಬೈಯುವುದು, ಎರಡೂ ನಮ್ಮ ಗೋಡೆಗೇ.

ಮೂರು ತಿಂಗಳು ವಿದ್ಯಾರ್ಥಿಗಳು ಮೂರು ಗುಂಪಾಗಿ ಓಣಿಯಲ್ಲಿ ಓಡಾಡಿದರು. ಅವರಲ್ಲಿ ಟೇಪು ಹಿಡಿದ ಹುಡುಗಿಯೊಬ್ಬಳು ನಮ್ಮ ಹೊಸ್ತಿಲು ಅಳೆದಳು, ಮೆಟ್ಟಿಲು ಎಣಿಸಿದಳು, ದಿನಕ್ಕೆ ಎಷ್ಟು ಸಲ ನಲ್ಲಿಗೆ ಬರುತ್ತೀರಿ ಅಂತ ಕೇಳಿ ಬರೆದುಕೊಂಡಳು. ನಮ್ಮ ಗೋಡೆಗೆ ಸೆಖೆ ಅಳೆಯುವ ಬಿಳಿ ಡಬ್ಬಿಯೊಂದನ್ನು ಅಂಟಿಸಿದಳು. ಮೃದುವಾಗಿ ಮಾತಾಡುತ್ತಿದ್ದಳು, ಅದೇ ನನಗೆ ಇನ್ನಷ್ಟು ಅನುಮಾನ. ಎದುರುಮನೆಯ ಟೈಲರಕ್ಕ ನನ್ನ ಅನುಮಾನಕ್ಕೆ ಒಗ್ಗರಣೆ ಹಾಕಿದಳು.

"ಅಳತೆ ತಗೊಳ್ಳೋರೆಲ್ಲ ಹೊಲೆದುಕೊಡೋಕೆ ಬರಲ್ಲ ಕಣೇ. ಕೆಲವರು ಕತ್ತರಿ ಮಾತ್ರ ತರ್ತಾರೆ."

ಈಗ ಆ ಕತ್ತರಿಯೇ ನನ್ನ ಗಂಡನ ಜೇಬಿನಲ್ಲಿ ಸಿಕ್ಕ ಹಾಗಾಯಿತು. ಮರದ ಮನೆಯನ್ನು ಸೂಜಿದಾರದ ಡಬ್ಬಿಯಲ್ಲಿ, ಗುಂಡಿಗಳ ಕೆಳಗೆ ಬಚ್ಚಿಟ್ಟೆ. ಕೆಂಪು ಸುತ್ತಿನ ಕಾಗದವನ್ನೂ ಅದರ ಜೊತೆ ಮಡಚಿ ಇಟ್ಟೆ. ಅವರೇ ಕೇಳಲಿ, ಆಗ ಹೇಳುತ್ತೇನೆ ಅಂದುಕೊಂಡೆ.

ಸಂಜೆ ಅವರು ಬಂದವರೇ ಮುಖ ತೊಳೆಯಲಿಲ್ಲ. ತಂತಿಯ ಮೇಲೆ ಒಣಗುತ್ತಿದ್ದ ಪ್ಯಾಂಟಿನ ಹತ್ತಿರ ಹೋಗಿ ಬಲಜೇಬು ನೋಡಿದರು, ಎಡಜೇಬು ನೋಡಿದರು, ಒದ್ದೆ ಜೇಬುಗಳನ್ನು ಹೊರಗೆಳೆದು ಮತ್ತೆ ಒಳಗೆ ತುರುಕಿದರು. ನಾನು ಅಡುಗೆಮನೆ ಕಿಟಕಿಯಿಂದ ನೋಡುತ್ತಿದ್ದೆ. ಬಟ್ಟೆ ಒಗೆಯುವಾಗ ಏನಾದರೂ ಸಿಕ್ಕಿತಾ ಎಂದು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ಬಚ್ಚಲು ಕಲ್ಲಿನ ಸುತ್ತ, ಬಕೆಟ್ಟಿನ ಹಿಂದೆ, ಮೋರಿಯ ಬಾಯಲ್ಲೂ ಇಣುಕಿದರು. ಆಮೇಲೆ ಒಳಗೆ ಬಂದು, ಬಟ್ಟೆ ಇನ್ನೂ ಒಣಗಿಲ್ಲ ಅಲ್ವಾ ಎಂದರು. ಮೋಡ ಇತ್ತು ಎಂದೆ. ಆಕಾಶದಲ್ಲಿ ಒಂದು ಎಳೆ ಮೋಡವಿರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು.

ಹತ್ತು ವರ್ಷದ ಸಂಸಾರದಲ್ಲಿ ಅವರ ಮೇಲೆ ನನಗೆ ಅನುಮಾನ ಬಂದದ್ದು ಅದೇ ಮೊದಲು. ನಮ್ಮ ಮನೆ ಹೋಗುತ್ತದೆಂದು ಅವರಿಗೆ ಗೊತ್ತಿದೆ. ಹೇಳುವ ಧೈರ್ಯವಿಲ್ಲದೆ ಅದರ ಮಾದರಿಯನ್ನಾದರೂ ನೆನಪಿಗೆಂದು ತಂದಿದ್ದಾರೆ. ಹಾಗಂದುಕೊಂಡರೆ ಎಲ್ಲವೂ ಅದಕ್ಕೇ ಹೊಂದಿಕೊಳ್ಳುತ್ತಿತ್ತು. ಅವರು ಊಟ ಬಿಟ್ಟದ್ದು, ಮಗಳ ತಲೆ ಸವರಿದ್ದು, ಮೂಲೆಗೋಡೆಯನ್ನು ಅಂಗೈಯಿಂದ ತಟ್ಟಿ ನೋಡಿದ್ದು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅನ್ನುತ್ತಾರೆ. ಪರಾಂಬರಿಸಿದಷ್ಟೂ ನನಗೆ ಅದೇ ಕಾಣಿಸಿತು.

ಗುಬ್ಬಿ ನಮ್ಮಿಬ್ಬರ ನಡುವೆ ಕೂತು, ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದಳು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಅಪ್ಪನ ಕಾರ್ಯಾಗಾರದಲ್ಲಿ ಕೂತಿದ್ದೆಯಲ್ಲ, ಅಲ್ಲೇನು ನೋಡಿದೆ ಎಂದು ಹಾಸಿಗೆ ಹಾಸುವಾಗ ಮೆಲ್ಲಗೆ ಕೇಳಿದೆ. ಅಂಟು, ಗರಗಸ, ಬೆಕ್ಕು ಎಂದಳು. ಮತ್ತೆ ಅದೇ, ಅಮ್ಮಾ. ಮತ್ತೆ ಅದೇ, ಏನಿಲ್ಲ. ನಿನಗೆ ಕೇಳಬೇಕು ಅನ್ನಿಸಿದಾಗ ಕೇಳು, ಅಮ್ಮ ಬೈಯಲ್ಲ ಎಂದು ಹೊದಿಕೆ ಹೊದೆಸಿದೆ.

ಮಂಗಳವಾರ ಮಧ್ಯಾಹ್ನ ಪ್ರದರ್ಶನ. ಹೊಸ ಮೇಡಮ್ಮಿನ ಪದ್ಧತಿಯಂತೆ ಅದು ಕಾಲೇಜಿನಲ್ಲಲ್ಲ, ಓಣಿಯಲ್ಲೇ; ಅಲ್ಲಿ ಬದುಕುವವರೇ ತಪ್ಪು ಹುಡುಕಬೇಕು. ಇಡೀ ಓಣಿಯಲ್ಲಿ ಆ ಹೊತ್ತಿಗೆ ನೆರಳಿರುವ ಜಾಗ ಒಂದೇ, ನಮ್ಮ ಮೆಟ್ಟಿಲ ಬುಡ. ಅಲ್ಲೇ ಎರಡು ಮೇಜು ಜೋಡಿಸಿದರು. ಬೀಗ ಹಾಕಿದ್ದ ಪೆಟ್ಟಿಗೆಯನ್ನು ನಾಲ್ವರು ಹೊತ್ತು ತಂದು ಮಾದರಿಯನ್ನು ಹೊರಗೆ ತೆಗೆದರು. ಓಣಿ, ರಸ್ತೆಗಳ ಕೆಲಸ ನೋಡಿಕೊಳ್ಳುವ ನಗರ ಕಚೇರಿಯ ಎಂಜಿನಿಯರ್ ಸಾಹೇಬರೂ ಬಂದರು. ಅವರ ಪ್ಯಾಂಟಿನ ಗೆರೆಯಲ್ಲಿ ತರಕಾರಿ ಹೆಚ್ಚಬಹುದು ಎಂದು ಟೈಲರಕ್ಕ ನನ್ನ ಕಿವಿಯಲ್ಲಿ ಅಂದಳು. ನಾನು ನಗಲಿಲ್ಲ. ಮಾದರಿಯನ್ನು ನೋಡುತ್ತಿದ್ದೆ.

ಟೈಲರಕ್ಕನ ಮನೆ ಇತ್ತು, ಅವಳ ಅಂಗಡಿಯ ಪರದೆಯೂ ಇತ್ತು. ಹದಿನಾರು ಇತ್ತು, ಹದಿನೆಂಟು ಇತ್ತು. ತಿರುವಿನಲ್ಲಿ ನಮ್ಮ ಮನೆ ಇರಬೇಕಾದ ಕಡೆ ಸ್ಪಂಜಿನ ಒಂದು ಹಸಿರು ಮರ, ಅದರ ಕೆಳಗೆ ಕಡ್ಡಿಯಲ್ಲಿ ಮಾಡಿದ ಎರಡು ಬೆಂಚು. ಮರವನ್ನು ನೆಟ್ಟದ್ದು ನಮ್ಮ ಮನೆಯ ಮೊಳೆಯ ತೂತಿಗೇ.

ಟೇಪಿನ ಹುಡುಗಿ ವಿವರಿಸಲು ನಿಂತಳು. ನಕ್ಷೆಯಲ್ಲಿ ಕೆಂಪು ಸುತ್ತು ಹಾಕಿರುವುದು ಓಣಿಯ ಜನ ಹೆಚ್ಚು ಹೊತ್ತು ನಿಲ್ಲುವ, ಕೂರುವ, ಎಲ್ಲಕ್ಕಿಂತ ತಂಪಾಗಿರುವ ಜಾಗಕ್ಕೆ ಎಂದಳು. ನಾನು ಅಂದುಕೊಂಡದ್ದೇ ತಲೆಕೆಳಗು. ಕೆಂಪು ಸುತ್ತು ತೆಗೆಯಬೇಕಾದ್ದಕ್ಕಲ್ಲ, ಉಳಿಯಬೇಕಾದ್ದಕ್ಕೆ. ಅವಳು ಮಾದರಿಯ ಕಡೆ ಬೆರಳು ತೋರಿಸಿದವಳು ಮರವನ್ನು ನೋಡಿ ಮಾತು ತಪ್ಪಿದಳು. ಇಲ್ಲೊಂದು ಮನೆ ಇತ್ತಲ್ಲ ಎಂದು ಪಕ್ಕದಲ್ಲಿದ್ದ ಬೇರೆ ಗುಂಪಿನ ಹುಡುಗನನ್ನು ಕೇಳಿದಳು. ಭಾನುವಾರ ನಮ್ಮ ಗುಂಪು ಕೆಲಸಕ್ಕೆ ಕೂತಾಗಲೇ ಆ ಜಾಗ ಖಾಲಿ ಇತ್ತು, ನಿಮ್ಮ ಗುಂಪಿನವರೇ ತೆಗೆದಿದ್ದಾರೆ ಅಂದುಕೊಂಡು ಮರ ಇಟ್ಟೆವು ಎಂದು ಅವನು ಹೇಳಿದ.

ಎಂಜಿನಿಯರ್ ಸಾಹೇಬರಿಗೆ ಅದೆಲ್ಲ ಬೇಕಿರಲಿಲ್ಲ. ಅವರು ಮಾದರಿಯ ಮೇಲೆ ಬಾಗಿ, ಈ ಖಾಲಿ ಜಾಗ ಬಹಳ ಚೆನ್ನಾಗಿ ಬಂದಿದೆ, ಗಾಡಿ ತಿರುಗಿಸುವುದಕ್ಕೂ ಆಯಿತು, ಜನ ತಂಪಾಗಿ ಕೂರುವುದಕ್ಕೂ ಆಯಿತು ಎಂದರು. ಆ ತಂಪು ಯಾವುದರ ನೆರಳಿನದು ಎಂದು ಅವರು ಯೋಚಿಸಿದ ಹಾಗೆ ಕಾಣಲಿಲ್ಲ. ಅವರ ಬೆನ್ನಿಗೆ ನಮ್ಮ ಮನೆ ಇತ್ತು. ಅದರ ನೆರಳಿನಲ್ಲೇ ನಿಂತು, ಅದು ಇಲ್ಲದ ಓಣಿಯನ್ನು ಹೊಗಳುತ್ತಿದ್ದರು. ಸಹಾಯಕನಿಗೆ ಸನ್ನೆ ಮಾಡಿದರು. ಅವನು ಫೋಟೋ ತೆಗೆದು ಏನೋ ಬರೆದುಕೊಳ್ಳತೊಡಗಿದ.

ಪಕ್ಕದಲ್ಲಿ ನಿಂತಿದ್ದ ನನ್ನ ಗಂಡನ ಕೈ ಜೇಬಿಗೆ ಹೋಯಿತು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ ಖಾಲಿ ಜೇಬನ್ನು ಹಿಡಿದುಕೊಂಡು ನಿಂತರು.

"ರೀ, ಮನೇನ ಯಾಕೆ ತಂದ್ರಿ?" ಎಂದೆ, ಅವರಿಗಷ್ಟೇ ಕೇಳುವಂತೆ.

ಅವರು ನನ್ನ ಕಡೆ ತಿರುಗಲಿಲ್ಲ.

"ಮೂರು ಗುಂಪಿನವರೂ ಮೊದಲು ಕೈ ಹಾಕ್ತಿದ್ದದ್ದು ಅದಕ್ಕೇ. ಎತ್ತೋರು, ಮೇಜಿನ ಮೇಲೆ ಇಟ್ಟು ಮರೆತುಬಿಡೋರು. ನಾನು ಇದ್ದಾಗ ವಾಪಸ್ ಇಡ್ತಿದ್ದೆ. ಭಾನುವಾರ ನಾನಿರಲ್ವಲ್ಲ, ಅದಕ್ಕೆ ತಗೊಂಡು ಬಂದೆ. ಕೈಗೇ ಸಿಗದಿದ್ರೆ ಎತ್ತೋದೆಲ್ಲಿಂದ ಅಂತ." ಖಾಲಿ ಜೇಬಿನಿಂದ ಕೈ ತೆಗೆದು ಅಂದರು, "ಸೋಮವಾರ ಇಟ್ಟುಬಿಡೋಣ ಅಂದ್ರೆ ಜೇಬಲ್ಲಿ ಇಲ್ಲ. ಇನ್ನೊಂದು ಮಾಡೋಣ ಅನ್ನೋಷ್ಟರಲ್ಲಿ ಪೆಟ್ಟಿಗೆಗೆ ಬೀಗ ಬಿತ್ತು."

ಮನೆ ಉಳಿಯಲಿ ಎಂದು ಅವರು ಎತ್ತಿಟ್ಟರು. ಅವರೇ ಬಾಯಿಬಿಡಲಿ ಎಂದು ನಾನು ಬಚ್ಚಿಟ್ಟೆ. ನಾವಿಬ್ಬರೂ ಸೇರಿ ನಮ್ಮ ಮನೆಯನ್ನು ಓಣಿಯಿಂದ ತೆಗೆದಿದ್ದೆವು. ವಿದ್ಯಾರ್ಥಿಗಳು ಎತ್ತಿ ಮರೆತಿದ್ದರೂ ಅದು ಮೇಜಿನ ಮೇಲಾದರೂ ಇರುತ್ತಿತ್ತು.

ಒಳಗೆ ಹೋಗಿ ಸೂಜಿದಾರದ ಡಬ್ಬಿಯಿಂದ ಮನೆಯನ್ನು ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡು ಬಂದೆ. ಮೇಜಿನ ಹತ್ತಿರ ಬಂದವಳಿಗೆ ಕೈ ಮುಂದೆ ಹೋಗಲಿಲ್ಲ. ಎಲ್ಲರ ಎದುರಿಗೆ ಇಟ್ಟರೆ ಎಲ್ಲಿತ್ತು ಎಂದು ಕೇಳುತ್ತಾರೆ. ವಿದ್ಯಾರ್ಥಿಗಳ ಪರೀಕ್ಷೆಯ ಕೆಲಸವನ್ನು ಬಡಗಿ ಮನೆಗೆ ಹೊತ್ತುಕೊಂಡು ಹೋಗಿದ್ದ ಅಂದರೆ ಕೆಲಸಕ್ಕೇ ಕುತ್ತು. ಇಡದಿದ್ದರೆ ಆ ಸಹಾಯಕನ ಪುಸ್ತಕದಲ್ಲಿ ನಮ್ಮ ಮನೆ ಎರಡು ಬೆಂಚಾಗಿ ಕೂರುತ್ತದೆ. ಮನೆ ಇದ್ದರೆ ಕೆಲಸವಿಲ್ಲ, ಕೆಲಸ ಇದ್ದರೆ ಮನೆಯಿಲ್ಲ. ಬುಡದ ಮೊಳೆಗಳು ಅಂಗೈಗೆ ಚುಚ್ಚುತ್ತಿದ್ದವು.

ಇನ್ನೇನಾದರೂ ಹೇಳುವುದಿದೆಯಾ, ಓಣಿಯವರು ಯಾರಾದರೂ ಏನಾದರೂ ಕೇಳುವುದಿದೆಯಾ ಎಂದು ಮೇಡಂ ಸುತ್ತಲೂ ನೋಡಿದರು. ಟೈಲರಕ್ಕ ನನ್ನನ್ನು ಮೊಣಕೈಯಿಂದ ತಿವಿದಳು. ನನ್ನ ಗಂಡ ನೆಲ ನೋಡುತ್ತಿದ್ದರು. ನಾನು ಬಾಯಿ ತೆರೆದೆ, ಮುಚ್ಚಿದೆ. ಎರಡು ದಿನದಿಂದ ನನ್ನ ಮಗಳು ಮಾಡುತ್ತಿದ್ದ ಹಾಗೆಯೇ.

ಶಾಲೆ ಮುಗಿಸಿ ಬಂದಿದ್ದ ಗುಬ್ಬಿ ನಮ್ಮ ಮೆಟ್ಟಿಲಿನ ಮೂರನೆಯ ಹಂತದ ಮೇಲೆ ನಿಂತಿದ್ದಳು. ಅಲ್ಲಿಂದ ಮಾದರಿ ಪೂರ್ತಿ ಕಾಣುತ್ತಿತ್ತು. ಒಂದು ಕೈ ಗೋಡೆಯ ಮೇಲಿತ್ತು, ಗೋಡೆ ಇನ್ನೂ ಇದೆಯೋ ಇಲ್ಲವೋ ಎಂದು ನೋಡಿಕೊಳ್ಳುವವಳ ಹಾಗೆ. ಅವಳು ನನ್ನನ್ನು ನೋಡಿದಳು. ಬೈಯಲ್ಲ ಎಂದಿದ್ದೆನಲ್ಲ, ಅದು ಈಗಲೂ ಇದೆಯಾ ಎಂದು ಆ ಕಣ್ಣು ಕೇಳುತ್ತಿತ್ತು. ಒಂದು ಗಳಿಗೆ ಬೇಡವೆಂದು ತಲೆ ಅಲ್ಲಾಡಿಸಬೇಕು ಅನ್ನಿಸಿತು. ಆಮೇಲೆ ಹೂಂ ಎಂದು ತಲೆಯಾಡಿಸಿದೆ.

ಅವಳ ದನಿ ದೊಡ್ಡದಿರಲಿಲ್ಲ. ಆದರೆ ಓಣಿ ಇಕ್ಕಟ್ಟಾದ ಕಡೆ ಸಣ್ಣ ದನಿಯೂ ಎರಡೂ ಗೋಡೆಗೆ ತಾಗಿ ಬರುತ್ತದೆ. ಸಹಾಯಕನ ಪೆನ್ನು ನಿಂತಿತು. ಎಂಜಿನಿಯರ್ ಸಾಹೇಬರು ಮೊದಲ ಸಲ ಹಿಂದಕ್ಕೆ ತಿರುಗಿ, ಮೆಟ್ಟಿಲನ್ನೂ ಅದರ ಮೇಲಿದ್ದ ಮಗುವನ್ನೂ ನೋಡಿದರು.

"ಅಪ್ಪಾ, ಅವತ್ತು ನಮ್ಮನೇನ ಯಾಕೆ ಕಿತ್ತು ಜೇಬಲ್ಲಿ ಇಟ್ಕೊಂಡೆ?"