ಹಸಿರು ಪರದೆಯ ರೂಮು

"ಇದಲ್ಲ ಕಣವ್ವ. ಮುಂದ್ಕೋಗು," ಎಂದ ಸಿದ್ದರಾಜು.

ಮಿಸ್ಬಾ ಮೌಸು ತಿರುಗಿಸಿದಳು. ಹೈದರಾಬಾದಿನ ಇನ್ನೊಂದು ಹೋಟೆಲು ಕಂಪ್ಯೂಟರಿನಲ್ಲಿ ಬಂದು ನಿಂತಿತು. ಬಿಳಿ ಹಾಸಿಗೆ, ಅದರ ಮೇಲೆ ಹಂಸದ ಹಾಗೆ ಮಡಿಚಿಟ್ಟ ಟವೆಲು, ಕಿಟಕಿಗೆ ಕಂದು ಪರದೆ. ಒಂದು ರಾತ್ರಿಗೆ ಸಾವಿರದ ನಾನೂರು. 'ಒಂದೇ ರೂಮು ಉಳಿದಿದೆ, ಹದಿನೇಳು ಮಂದಿ ಈಗ ನೋಡುತ್ತಿದ್ದಾರೆ' ಎಂದು ಕೆಂಪಕ್ಷರ ಹೆದರಿಸುತ್ತಿತ್ತು. ಆ ಹದಿನೇಳು ಮಂದಿಯಲ್ಲಿ ಸಿದ್ದರಾಜುವಿನ ಹಾಗೆ ಬರೀ ಕಿಟಕಿಯ ಬಟ್ಟೆ ನೋಡುವವನು ಇನ್ನೊಬ್ಬ ಇರಲಾರ.

"ಇದೂ ಅಲ್ಲ."

ಭಾರತೀನಗರದ ಬಸ್ ಸ್ಟ್ಯಾಂಡಿನ ಎದುರಿಗೆ ಮಿಸ್ಬಾಳ ಆನ್‌ಲೈನ್ ಸೆಂಟರು. ಪಹಣಿ, ಆಧಾರು, ಕಾಲೇಜಿನ ಅರ್ಜಿ, ರೈಲು ಟಿಕೇಟು, ಎಲ್ಲಕ್ಕೂ ಜನ ಅವಳ ಹತ್ತಿರವೇ ಬರುವುದು. ಸಿದ್ದರಾಜು ಸಕ್ಕರೆ ಕಾರ್ಖಾನೆಯ ವೇ ಬ್ರಿಡ್ಜಿನಲ್ಲಿ ಕಬ್ಬಿನ ಗಾಡಿ ತೂಗುವ ಗುಮಾಸ್ತ. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ತೂಕ ತಪ್ಪಿದವನಲ್ಲ ಎಂದು ರೈತರೇ ಹೇಳುತ್ತಾರೆ. ಅಂಥವನು ಈ ವರ್ಷವಿಡೀ ಎರಡು ತಿಂಗಳಿಗೊಮ್ಮೆ ಇಲ್ಲಿಗೆ ಬಂದು, ಹೈದರಾಬಾದಿನಲ್ಲಿ ಒಂದು ರಾತ್ರಿಗೆ ಒಂದು ರೂಮು ಆರಿಸಿ, ದುಡ್ಡು ಕಟ್ಟಿ, ಮಂಡ್ಯದಲ್ಲಿ ಕಾಚಿಗುಡ ರೈಲು ಹತ್ತುತ್ತಾನೆ. ಮೂರನೆಯ ದಿನ ಮುಖ ಸಣ್ಣದು ಮಾಡಿಕೊಂಡು ವಾಪಸು ಬರುತ್ತಾನೆ. ಈವರೆಗೆ ಐದು ಹೋಟೆಲು ಆಗಿದ್ದವು.

ಊರ ಬಾಯಿಗೆ ಬೀಗ ಹಾಕುವವರು ಯಾರು? ಜೊತೆಯಲ್ಲಿ ಕೆಲಸ ಮಾಡುವ ಮರಿಸಿದ್ದಯ್ಯನಂತೂ ಗಾಡಿ ತೂಗುತ್ತಲೇ, "ಐದ್ರಾಬಾದ್ನಲ್ಲಿ ಇನ್ನೊಂದ್ ಸಂಸಾರ ಮಡಗಿದ್ದೀಯೇನ್ಲಾ?" ಎಂದು ಕೇಳಿಬಿಟ್ಟಿದ್ದ. ಸಿದ್ದರಾಜು ಚೀಟಿಯಲ್ಲಿ ತೂಕ ಬರೆದುಕೊಂಡನೇ ಹೊರತು ತಲೆ ಎತ್ತಿರಲಿಲ್ಲ.

ಅವನು ಹುಡುಕುತ್ತಿದ್ದುದು ಒಂದೇ ಒಂದು ರೂಮನ್ನು. ಅದರ ಫೋಟೋ ಅವನ ಹೆಂಡತಿ ಕುಸುಮಳ ಮೊಬೈಲಿನಲ್ಲಿತ್ತು. ಅದನ್ನೇ ಪ್ರಿಂಟು ಹಾಕಿಸಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟು ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದ. ಫೋಟೋದಲ್ಲಿ ಮನುಷ್ಯರಿಲ್ಲ. ಗಿಣಿ ಹಸಿರು ಬಣ್ಣದ ಪರದೆ, ಅದರ ಕೆಳಗಡೆ ಇಸ್ತ್ರಿಪೆಟ್ಟಿಗೆ ಸುಟ್ಟ ಮೂರು ಮೂಲೆಯ ಗುರುತು. ಪರದೆ ಸರಿದ ಸಂದಿಯಲ್ಲಿ ಒಂದು ಮಿನಾರಿನ ಅರ್ಧ ತಲೆ. ಮಂಚದ ಮೇಲೆ ಒಂದು ನೀಲಿ ಬ್ಯಾಗು. ಮಗಳು ಅರುಂಧತಿ ಡಿಗ್ರಿಗೆ ಸೇರಿದ ವರ್ಷ ಮದ್ದೂರಿನಲ್ಲಿ ಅವನೇ ಚೌಕಾಸಿ ಮಾಡಿ ಕೊಡಿಸಿದ ಬ್ಯಾಗು ಅದು.

ಹೋದ ವರ್ಷ ಭತ್ತದ ಕೊಯ್ಲಿನಲ್ಲಿ ಅರುಂಧತಿ ಮನೆ ಬಿಟ್ಟು ಹೋದಳು. ತೆಲಂಗಾಣದ ಕಡೆಯಿಂದ ಕೊಯ್ಲಿನ ಮಿಷನ್ನು ತಂದಿದ್ದ ಡ್ರೈವರ್ ಜೊತೆ. ಬಿ.ಎಸ್ಸಿ. ಮುಗಿಸಿ ಬಿ.ಎಡ್.ಗೆ ಅರ್ಜಿ ಹಾಕಿದ್ದ ಒಬ್ಬಳೇ ಮಗಳು. ಸಿದ್ದರಾಜು ಹುಡುಕಲಿಲ್ಲ, ಸ್ಟೇಷನ್ನಿಗೂ ಹೋಗಲಿಲ್ಲ. ತಲೆ ಬೋಳಿಸಿಕೊಂಡು ಹನ್ನೊಂದನೆಯ ದಿನ ಅವಳ ತಿಥಿ ಮಾಡಿದ. ಬದುಕಿರುವ ಮಗಳ ತಿಥಿ ಮಾಡುವುದು ನಮ್ಮ ಕಡೆ ಅವನಿಂದ ಶುರುವಾದದ್ದೇನಲ್ಲ. ಹೊಟ್ಟೆಗೆ ಬೆಂಕಿ ಬಿದ್ದ ಅಪ್ಪಂದಿರು ಹಿಂದೆಯೂ ಮಾಡಿದ್ದಾರೆ, ಬಂಧುಗಳು ಕೂತು ಉಂಡೂ ಇದ್ದಾರೆ. ಸಿದ್ದರಾಜು ಇನ್ನೊಂದು ಹೆಜ್ಜೆ ಮುಂದೆ ಹೋದ. ನಮ್ಮಲ್ಲಿ ಹುಟ್ಟಿದರೂ ಫ್ಲೆಕ್ಸು, ಗೆದ್ದರೂ ಫ್ಲೆಕ್ಸು, ಸತ್ತರೂ ಫ್ಲೆಕ್ಸು. ಕಾಲೇಜಿನ ಐಡಿ ಕಾರ್ಡಿನ ಫೋಟೋ ಕೊಟ್ಟು ಎಂಟಡಿಯ ಫ್ಲೆಕ್ಸು ಮಾಡಿಸಿ ಊರ ಮುಂದಿನ ಬಸ್ ನಿಲ್ದಾಣಕ್ಕೆ ಕಟ್ಟಿಸಿದ. 'ಭಾವಪೂರ್ಣ ಶ್ರದ್ಧಾಂಜಲಿ. ದಿವಂಗತ ಕು. ಅರುಂಧತಿ.' ಕೆಳಗೆ, 'ದುಃಖತಪ್ತ ತಂದೆ ಸಿದ್ದರಾಜು.' ತನ್ನ ಹೆಸರು ಹಾಕಿಸಿದರೆ ಬಾವಿಗೆ ಬೀಳುತ್ತೇನೆ ಎಂದಿದ್ದಳು ಕುಸುಮ. ಹಾಗಾಗಿ ಅಲ್ಲಿ ಅವನ ಹೆಸರೊಂದೇ ಇತ್ತು.

ತಿಥಿಯಾಗಿ ವಾರ ಕಳೆದ ಮೇಲೆ, ಜನವರಿಯಲ್ಲಿ, ಕುಸುಮಳ ಮೊಬೈಲಿಗೆ ಆ ರೂಮಿನ ಫೋಟೋ ಬಂತು. ಜೊತೆಗೆ ಎರಡು ಸಾಲು. 'ಫ್ಲೆಕ್ಸ್ ನೋಡಿದೆ. ತಿಥಿ ಊಟ ಚೆನ್ನಾಗಿತ್ತಂತೆ.' ಕುಸುಮ ಫೋನು ಮಾಡುವಷ್ಟರಲ್ಲಿ ಸ್ವಿಚ್ ಆಫ್ ಆಗಿತ್ತು. ಅವತ್ತಿನಿಂದ ಇವತ್ತಿನವರೆಗೆ ಸ್ವಿಚ್ ಆಫ್.

ಆ ಸಂಜೆ ಸಿದ್ದರಾಜು ಹೋಗಿ ಫ್ಲೆಕ್ಸು ಬಿಚ್ಚಿ ತಂದ. ಸುಡಲು ಕೈ ಬರಲಿಲ್ಲ, ಎಸೆಯಲೂ ಆಗಲಿಲ್ಲ. ಹಿತ್ತಲಿನ ಸೌದೆಯ ಮೇಲೆ ಮುಖ ಕೆಳಗೆ ಮಾಡಿ ಹೊದಿಸಿ ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಸತ್ತಳೆಂದು ತಾನೇ ಬೋರ್ಡು ಹಾಕಿದವನು ಕಾಣೆಯಾಗಿದ್ದಾಳೆಂದು ಸ್ಟೇಷನ್ನಿಗೆ ಹೋಗಿ ಯಾವ ಬಾಯಲ್ಲಿ ಹೇಳುವುದು? ಅವನಿಗೆ ಉಳಿದದ್ದು ಆ ಫೋಟೋ ಒಂದೇ. ಅದರಲ್ಲಿ ಕಾಣುವ ಅರ್ಧ ತಲೆ ಚಾರ್ಮಿನಾರಿನದು ಎಂದು ಗುರುತಿಸಿದವಳು ಮಿಸ್ಬಾ. ಅವಳ ಚಿಕ್ಕಮ್ಮನ ಮನೆ ಅಲ್ಲೇ ಹತ್ತಿರದಲ್ಲಿತ್ತು.

ಚಾರ್ಮಿನಾರಿನ ಸುತ್ತ ಹೋಟೆಲುಗಳಿಗೆ ಲೆಕ್ಕವಿಲ್ಲ. ರೂಮು ಮಾಡದವನಿಗೆ ರಿಜಿಸ್ಟರು ಯಾರು ತೋರಿಸುತ್ತಾರೆ ಎಂದು ಸಿದ್ದರಾಜು ಪ್ರತಿ ಸಲವೂ ದುಡ್ಡು ಕಟ್ಟಿಯೇ ಹೋಗುತ್ತಿದ್ದ. ಒಂದು ಕಡೆ ಪರದೆ ಹಸಿರೇ, ಆದರೆ ಹೊಸದು. ಇನ್ನೊಂದು ಕಡೆ ಹೋಟೆಲಿನವರ ಫೋಟೋದಲ್ಲಿದ್ದ ಕಿಟಕಿಯೇ ರೂಮಿನಲ್ಲಿ ಇರಲಿಲ್ಲ. ಮತ್ತೊಂದು ಕಡೆ ಈಜುಕೊಳದ ಫೋಟೋ ಹಾಕಿದ್ದರು, ಹೋಗಿ ನೋಡಿದರೆ ಸ್ನಾನಕ್ಕೇ ನೀರಿಲ್ಲ. ಐದು ಕಡೆಯೂ ಆ ಅಪರಿಚಿತ ಹಾಸಿಗೆಯ ಅಂಚಿನಲ್ಲಿ ಕೂತು ಬೆಳಗು ಮಾಡಿ ಬಂದಿದ್ದ.

"ಅಂಕಲ್, ಒಂದ್ ಕೆಲ್ಸ ಮಾಡಣ," ಎಂದಳು ಮಿಸ್ಬಾ. "ಹೋಟ್ಲವ್ರು ಹಾಕಿರೋ ಫೋಟೋ ಬಿಟ್ಟಾಕಿ. ಉಳ್ಕೊಂಡು ಬಂದು ಬೈದವ್ರು ಹಾಕಿರ್ತಾರಲ್ಲ, ಅವನ್ನ ನೋಡಣ. ಅವ್ರು ಇರೋದನ್ನೇ ಹಾಕಿರ್ತಾರೆ."

ಹೌದಲ್ಲ ಎನ್ನಿಸಿತು ಸಿದ್ದರಾಜುವಿಗೆ. ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡ. ಬೈದವರಿಗೇನು ಬರವೇ? ತಿಗಣೆ, ಸೋರುವ ನಲ್ಲಿ, ಕೂದಲು ಬಿದ್ದ ಸಾರು, ಬಾಗಿಲು ಹಾಕಿಕೊಳ್ಳದ ಲಿಫ್ಟು. ಅರ್ಧ ಗಂಟೆ ಕಳೆಯಿತು. ಕಬ್ಬಿನ ಲಾರಿಯೊಂದು ಹಾರನ್ನು ಹೊಡೆಯುತ್ತ ಬಸ್ ಸ್ಟ್ಯಾಂಡು ದಾಟಿ ಹೋಯಿತು. ಆಮೇಲೆ ಒಂದು ಫೋಟೋ ಬಂತು. ಅದರ ಕೆಳಗೆ ಯಾರೋ, 'ಪರದೆಗೆ ಇಸ್ತ್ರಿ ಸುಟ್ಟ ತೂತು. ದುಡ್ಡು ದಂಡ. ಯಾರೂ ಹೋಗಬೇಡಿ' ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು.

ಮಿಸ್ಬಾ ದೊಡ್ಡದು ಮಾಡಿದಳು. ಗಿಣಿ ಹಸಿರು. ಮೂರು ಮೂಲೆಯ ಸುಟ್ಟ ಗುರುತು.

ಸಿದ್ದರಾಜು ಜೇಬಿನ ಪ್ರಿಂಟು ತೆಗೆದು ಕಂಪ್ಯೂಟರಿನ ಪಕ್ಕಕ್ಕೆ ಹಿಡಿದ. ಮಿಸ್ಬಾ ಅದನ್ನು ತಾನೇ ಇಸಿದುಕೊಂಡು ಹಿಡಿದಳು.

"ಇದೇಯಾ ಕಣವ್ವ," ಎಂದ. ಮತ್ತೆ, "ಇದೇ ಅಲ್ವಾ? ನೀನೇ ಯೋಳು," ಎಂದ.

"ಇದೇ ಅಂಕಲ್."

ಅವನ ಕಣ್ಣಲ್ಲಿ ನೀರು ಬಂತು. ದುಡ್ಡು ದಂಡವಾಯಿತೆಂದು ಬೈದುಕೊಂಡ ಆ ಪುಣ್ಯಾತ್ಮನ ಹೊಟ್ಟೆ ತಣ್ಣಗಿರಲಿ ಎಂದುಕೊಂಡ. ರೂಮಿಗೆ ಸಾವಿರದ ನೂರು ಇತ್ತು. ಮಿಸ್ಬಾ ತಾರೀಕು ಒತ್ತಿದಳು, ಆಮೇಲೆ ಏನೋ ಹೊಳೆದವಳಂತೆ ಕೈ ತೆಗೆದಳು.

"ಮೊದ್ಲು ಫೋನ್ ಮಾಡಿ ಕೇಳಣ. ನಂಬರ್ ಇದೆ."

ಅವಳು ಸ್ಪೀಕರಿಗೆ ಹಾಕಿ, ಜನವರಿಯಲ್ಲಿ ಅರುಂಧತಿ ಎಂಬುವಳು ಅಲ್ಲಿ ಉಳಿದಿದ್ದಳೇ ಎಂದು ಉರ್ದುವಿನಲ್ಲಿ ಕೇಳಿದಳು. ಆ ಕಡೆ ಮ್ಯಾನೇಜರು ವಯಸ್ಸಾದ ಮನುಷ್ಯನಿರಬೇಕು, ದನಿ ನಿಧಾನವಾಗಿತ್ತು. ರೂಮು ಮಾಡುವ ಗಿರಾಕಿ ಎಂದು ಮರ್ಯಾದೆಯಿಂದಲೇ ಮಾತಾಡಿದ. ಜನವರಿಯ ರಿಜಿಸ್ಟರು ಮೇಲೆಲ್ಲೋ ಇದೆ, ತೆಗೆಸುತ್ತೇನೆ, ಲೈನಿನಲ್ಲಿರಿ ಎಂದ. ಹಾಳೆ ತಿರುವುವ ಸದ್ದು ಇಲ್ಲಿಗೆ ಕೇಳಿಸಿತು. ಸಿದ್ದರಾಜು ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ.

"ಅರುಂಧತಿ ಎಸ್., ಕರ್ನಾಟಕ," ಎಂದಿತು ಆ ದನಿ.

"ಇದ್ಲಂತೆ ಅಂಕಲ್! ನಾಕು ದಿನ ಇದ್ಲಂತೆ." ಮಿಸ್ಬಾ ಇನ್ನಷ್ಟು ಕೇಳಿಸಿಕೊಂಡಳು. ಮುಖ ಸ್ವಲ್ಪ ಇಳಿಯಿತು. "ಒಬ್ಳೇ ಇದ್ದಿದ್ದಂತೆ."

ಒಬ್ಬಳೇ. ಹಾಗಾದರೆ ಆ ಡ್ರೈವರು ಅಷ್ಟರಲ್ಲೇ ಕೈಬಿಟ್ಟಿದ್ದ. ಇವಳು ಒಬ್ಬಳೇ ಆ ಮಂಚದ ಮೇಲೆ ಕೂತು ಮೊಬೈಲಿನಲ್ಲಿ ತನ್ನ ತಿಥಿಯ ಫ್ಲೆಕ್ಸನ್ನು ನೋಡಿದ್ದಾಳೆ. ಬಾ ಅನ್ನುವವರು ಇದ್ದಿದ್ದರೆ ಮಾರನೆಯ ದಿನವೇ ರೈಲು ಹತ್ತುತ್ತಿದ್ದಳೇನೋ. ಸಿದ್ದರಾಜು ಫೋನಿನ ಹತ್ತಿರಕ್ಕೆ ಬಗ್ಗಿದ.

"ಅಲ್ಲಿಂದ ಎತ್ಲಾಗ್ ಓದ್ಲು, ಏನಾರ ಬರ್ದವ್ಳಾ? ಫೋನ್ ನಂಬ್ರು ಕೊಟ್ಟವ್ಳಾ? ಅವ್ರಪ್ಪ ಕೇಳ್ತಾವ್ರೆ ಅನ್ನವ್ವ."

ಮಿಸ್ಬಾ ಹಾಗೇ ಹೇಳಿದಳು. ಆ ಕಡೆಯ ದನಿ ಬಿರುಸಾಯಿತು. ಮಿಸ್ಬಾ ಅವಸರವಾಗಿ ಸ್ಪೀಕರು ಆರಿಸಲು ಹೋದಳು. ಅಷ್ಟರಲ್ಲಿ ಆ ಉರ್ದುವಿನ ನಡುವೆ ಎರಡು ಪದ ಸಿದ್ದರಾಜುವಿಗೆ ಸ್ಪಷ್ಟವಾಗಿ ಕೇಳಿಸಿತ್ತು. 'ಲೇಟ್ ಸಿದ್ದರಾಜು.'

"ಏನಂದ್ರು?"

"ಏನಿಲ್ಲ ಅಂಕಲ್."

"ಯೋಳವ್ವ. ನಂಗೂ ಕೇಳುಸ್ತು."

ಮಿಸ್ಬಾ ಕೀಬೋರ್ಡು ನೋಡುತ್ತ ಹೇಳಿದಳು. "ರಿಜಿಸ್ಟರ್‌ನಲ್ಲಿ ತಂದೆ ಹೆಸ್ರು ಬರಿಯೋ ಕಡೆ ಲೇಟ್ ಸಿದ್ದರಾಜು ಅಂತ ಬರ್ದಿದಾಳಂತೆ. ಹುಡ್ಗಿ ಅವಳ ಕೈಯಲ್ಲೇ ಬರ್ದಿರೋದು, ಅಪ್ಪ ಸತ್ತೋಗಿದಾರೆ, ನೀವ್ ಯಾರು ಅಂತ ಕೇಳ್ತಿದಾರೆ. ಒಂಟಿ ಹೆಣ್ಮಗಳ ವಿಷ್ಯ ಹಿಂಗ್ ಫೋನ್ ಮಾಡೋರಿಗೆಲ್ಲ ಹೇಳಕ್ಕಾಗಲ್ಲ ಅಂತಾರೆ."

ಫೋನು ಕಟ್ಟಾಗಿತ್ತು. ಆ ಮ್ಯಾನೇಜರದು ತಪ್ಪೇನೂ ಇಲ್ಲ. ಹೆತ್ತವನಿಗಿಂತ ಚೆನ್ನಾಗಿಯೇ ಅವನು ಅವಳನ್ನು ಕಾದಿದ್ದ. ಸಿದ್ದರಾಜು ಗೋಡೆಯ ಮೇಲಿನ ಪ್ಯಾನ್ ಕಾರ್ಡಿನ ಜಾಹೀರಾತನ್ನು ಮೇಲಿಂದ ಕೆಳಗಿನವರೆಗೆ ಓದಿದ. ಮತ್ತೊಮ್ಮೆ ಓದಿದ.

"ಅಂಕಲ್, ರೂಮ್ ಮಾಡ್ಲಾ ಬ್ಯಾಡ್ವಾ? ಟೈಮ್ ಮುಗೀತದೆ. ಇದು ಕ್ಯಾನ್ಸಲ್ ಮಾಡಂಗಿಲ್ಲ, ಕಟ್ಟುದ್ರೆ ದುಡ್ಡು ವಾಪಸ್ ಬರಲ್ಲ."

"ಕಟ್ಟು. ಯಾವ್ದು ವಾಪಸ್ ಬಂದದೆ, ಬುಡು."

"ಹೆಸ್ರು?"

"ಕುಸುಮ ಅಂತ ಬರಿ. ನನ್ನೆಸ್ರು ಬ್ಯಾಡ. ಆ ಓಟ್ಲಲ್ಲಿ ನಾನು ಸತ್ತೋಗಿವ್ನಿ."

ಮಿಸ್ಬಾ ಹಾಗೇ ಬರೆದಳು. ಎಷ್ಟು ಜನ ಎಂದು ಕೇಳಿದಾಗ ಸಿದ್ದರಾಜು ಇಬ್ಬರು ಎಂದ. ಬುಕಿಂಗಿಗೆಂದು ಅವಳು ತೆಗೆದುಕೊಳ್ಳುತ್ತಿದ್ದ ಐವತ್ತು ರೂಪಾಯಿಯನ್ನು ಇವತ್ತು ಬೇಡವೆಂದಳು. ಅವನು ಕೇಳದೆ ನೋಟನ್ನು ಮೌಸಿನ ಕೆಳಗಿಟ್ಟು ಎದ್ದ.

ಟಿವಿಎಸ್ಸಿನಲ್ಲಿ ಊರಿಗೆ ಬರುವಾಗ ರಸ್ತೆಯ ಎರಡೂ ಕಡೆ ಭತ್ತ ಹಣ್ಣಾಗಿತ್ತು. ಕೊಯ್ಲಿನ ಮಿಷನ್ನುಗಳು ಈ ವರ್ಷವೂ ಬಂದಿದ್ದವು. ಒಂದು ಮಿಷನ್ನಿನ ಡ್ರೈವರು ಇಳಿದು ನಿಂತು ಬೀಡಿ ಹಚ್ಚುತ್ತಿದ್ದ. ಸಿದ್ದರಾಜು ಅವನ ಮುಖವನ್ನು ನೋಡಿಯೇ ಮುಂದೆ ಹೋದ. ಬೇರೆ ಯಾರೋ.

ಕುಸುಮ ಹಿತ್ತಲಿನಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ವರ್ಷದಿಂದ ಗಂಡ ಹೆಂಡಿರ ನಡುವೆ ಬೇಕಾದ್ದಕ್ಕಷ್ಟೇ ಮಾತು. ಊಟಕ್ಕೆ ಬಾ, ಕರೆಂಟು ಬಿಲ್ಲು ಬಂದಿದೆ, ಇಷ್ಟೇ. ಐದು ಸಲ ಅವನು ಹೈದರಾಬಾದಿನಿಂದ ಬಂದಾಗಲೂ ಅವಳು ಮುಖ ನೋಡಿ ತಿಳಿದುಕೊಂಡಿದ್ದಳೇ ಹೊರತು ಕೇಳಿರಲಿಲ್ಲ. ಇವತ್ತು ಅವನೇ ಬಚ್ಚಲ ಕಲ್ಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದ. ಪರದೆ ಸಿಕ್ಕಿದ್ದು, ನಾಲ್ಕು ದಿನ ಒಬ್ಬಳೇ ಇದ್ದದ್ದು, ರಿಜಿಸ್ಟರಿನಲ್ಲಿ ಬರೆದದ್ದು. ಒಂದನ್ನೂ ಮುಚ್ಚಿಡಲಿಲ್ಲ.

ಒಬ್ಬಳೇ ಎಂದಾಗ ಕುಸುಮಳ ಕೈ ನಿಂತಿತು. ಉಳಿದದ್ದನ್ನು ಕೇಳುತ್ತ ಮತ್ತೆ ಕಾಯಿ ಬಿಡಿಸತೊಡಗಿದಳು.

"ಸರ್ಯಾಗೇ ಬರ್ದವ್ಳೆ," ಎಂದಳು.

ಅವನು ತಲೆ ತಗ್ಗಿಸಿದ.

"ಅವ್ವುನ್ ಎಸ್ರು ಏನ್ ಬರ್ದವ್ಳೆ?"

"ಅವ್ವುನ್ ಎಸ್ರು ಕೇಳಾಕಿಲ್ಲ ಆ ಬುಕ್ಕಲ್ಲಿ."

ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು, ಅವನ ಜೇಬಿನಿಂದ ಇಣುಕುತ್ತಿದ್ದ ಹೋಟೆಲಿನ ಚೀಟಿಯನ್ನು ತಾನೇ ಎಳೆದುಕೊಂಡಳು. ಬೆರಳಿಟ್ಟು ಓದಿದಳು. ತನ್ನ ಹೆಸರು ಅಚ್ಚಾಗಿದ್ದಲ್ಲಿ ಬೆರಳು ನಿಂತಿತು.

"ಇಬ್ರು ಅಂತ ಐತೆ. ಇನ್ನೊಬ್ರು ಯಾರು?"

"ನಾನು ಕಣೆ."

"ನೀನ್ ಬರ್ಬ್ಯಾಡ."

"ಕುಸುಮಾ..."

"ಆ ಊರಲ್ಲಿ ಎಲ್ಲಾರ ಅವಳು ಎದುರಿಗ್ ಬಂದ್ರೆ, ಸತ್ತೋಗಿರೋ ನಿಮ್ಮಪ್ಪನ್ನ ಕರ್ಕಂಡ್ ಬಂದಿವ್ನಿ ಅಂತ ಎಂಗ್ ಯೋಳ್ಲಿ? ನಾನು ಯಾರ್ ತಿಥೀನೂ ಮಾಡಿಲ್ಲ. ನನ್ನೆಸ್ರ ಅವ್ಳು ಯಾವ್ ಬುಕ್ಕಲ್ಲೂ ಸಾಯ್ಸಿಲ್ಲ. ನಾನೊಬ್ಳೇ ಓಯ್ತೀನಿ."

"ನೀನು ಮೈಸೂರ್ ದಾಟಿದೋಳಲ್ಲ. ಅಲ್ಲಿ ಭಾಸೆ ಬರಾಕಿಲ್ಲ ನಿಂಗೆ."

"ಬಾಯಿರೋ ನೀನು ಆಡಿದ್ದೇ ಸಾಕು."

ಅವಳು ಚೀಟಿಯನ್ನು ರವಿಕೆಯೊಳಗೆ ಇಟ್ಟುಕೊಂಡು ಒಳಗೆ ಹೋದಳು. ಬೀರುವಿನ ಬಾಗಿಲು ಕಿರುಗುಟ್ಟಿತು. ಅರುಂಧತಿಯ ಬಟ್ಟೆಗಳಿದ್ದ ಕೆಳಗಿನ ಖಾನೆಯನ್ನು ಎಳೆದ ಸದ್ದೂ ಕೇಳಿಸಿತು. ಸಿದ್ದರಾಜು ಕೂತಲ್ಲೇ ಕೂತಿದ್ದ.

ಸಂಜೆಯ ಗಾಳಿ ಎದ್ದಿತು. ಸೌದೆಯ ಮೇಲಿನ ಫ್ಲೆಕ್ಸು ಪಟಪಟ ಹೊಡೆದುಕೊಳ್ಳತೊಡಗಿತು. ಒಂದು ಮೂಲೆಯ ಕಲ್ಲು ಉರುಳಿ ಕೆಳಗೆ ಬಿದ್ದಿತ್ತು. ಬಿಡಿಸಿಕೊಂಡ ಮೂಲೆ ಮೇಲಕ್ಕೆ ಮಗುಚಿ ಅಲ್ಲಿದ್ದ ಅಕ್ಷರ ಕಾಣುತ್ತಿತ್ತು. ಮಳೆ ಬಿಸಿಲಿಗೆ ಉಳಿದ ಬಣ್ಣ ಹೇಗಾಗಿತ್ತೋ, ಆ ಕಪ್ಪು ಮಾತ್ರ ಹೊಸದರಂತಿತ್ತು. ತಂದೆ ಸಿದ್ದರಾಜು.

ಅವನು ಎದ್ದು ಹೋಗಿ ಆ ಮೂಲೆಯನ್ನು ಕೆಳಮುಖವಾಗಿ ಮಡಿಚಿದ. ಬಿದ್ದಿದ್ದ ಕಲ್ಲನ್ನು ಎರಡು ಕೈಯಲ್ಲಿ ಎತ್ತಿ ತಂದು ಅದರ ಮೇಲಿಟ್ಟ. ಸಾಲದೆಂದು ಇನ್ನೊಂದು ಕಲ್ಲನ್ನೂ ಇಟ್ಟ.