ಬಿಸಲಗಾಡಿಗೆ ಅತ್ತಿ ಮಾಡಿದ ಪೂಜಿ

ಗಂಗಾದೇವಿಗೆ ಅವತ್ತು ಮುಂಜಾನಿಯಿಂದನ ತಲಿ ಕೆಟ್ಟಿತ್ತು. ಬಿಸಲಿನ ಮ್ಯಾಲ ಓಡೂ ಗಾಡಿ ಕಟ್ಟೂದು ಒಂದು ತ್ರಾಸಾದ್ರ, ಅದನ್ನ ಬೆಳಗಾವಿ ಮಂದಿ ನಡುವ ಓಡಸೂದು ಅದರಪ್ಪನಂಥಾ ತ್ರಾಸು. ಪೀರನವಾಡಿ ಹತ್ರ ಸೈಕಲ್ಲಿನಾಂವ ಒಬ್ಬ ಬಾಜೂಕ ಬಂದು, "ಇದಕ್ಕ ಪೆಟ್ರೋಲ್ ಎಲ್ಲಿ ಹಾಕ್ತೀರಿ ತಂಗಿ?" ಅಂದ. ಹಾಕೂದಿಲ್ಲ ಅಂದ್ರ ನಂಬಲೊಲ್ಲ. ದೇಸೂರ ತನಕ ಅದನ್ನ ಕೇಳಕೋತ ಬೆನ್ನ ಹತ್ತಿದ.

ಎಂಬತ್ತೊಂಬತ್ತರ ಫೆಬ್ರವರಿ ಅದು. ಆಸ್ಟ್ರೇಲಿಯಾದಾಗ ಇಂಥಾ ಗಾಡಿಗಳ ದೂರದ ರೇಸು ನಡೀತೈತಿ ಅಂತ ಪೇಪರಿನ್ಯಾಗ ಓದಿ, ಇಂಜಿನಿಯರಿಂಗ್ ಕಾಲೇಜಿನ ಹುಡುಗರಿಗೆ ಹುಚ್ಚು ಹಿಡದಿತ್ತು. ಉದ್ಯಮಬಾಗದಾಗ ಪೈಪು ಬೆಸದು, ಮ್ಯಾಲ ಬಿಸಲು ಹಿಡಿಯೂ ಪ್ಯಾನೆಲ್ ಹಾಸಿ, ಅಂತೂ ಒಂದು ಗಾಡಿ ನಿಲ್ಲಿಸಿದ್ರು. ತೂಕ ಕಡಿಮಿ ಅಂತ ಓಡಸಾಕ ಗಂಗಾದೇವಿನ್ನ ಕುಂದರಿಸಿದ್ರು. ಪ್ರಿನ್ಸಿಪಾಲರದು ಒಂದ ಮಾತು: ಖಾನಾಪುರಕ್ಕ ಹೋಗಿ ಹೊತ್ತ ಮುಳುಗೂದರಾಗ ತಿರುಗಿ ಬಂದ್ರ ರೇಸಿಗೆ ಕಳಸೂದು, ಇಲ್ಲಾಂದ್ರ ಪ್ಯಾನೆಲ್ ಬಿಚ್ಚಿ ಹಾಸ್ಟೆಲಿನ ನೀರಿನ ಪಂಪಿಗೆ ಹಚ್ಚೂದು.

ಖಾನಾಪುರ ಮುಟ್ಟೂದರಾಗ ಮಂದಿಗೆ, ದನಕ್ಕ ನಿಂತು ನಿಂತು ಬ್ಯಾಟರಿ ಖಾಲಿ ಆಗಾಕ ಬಂದಿತ್ತು. ತಿರುಗಿ ಹೋಗೂದು ಏರು ದಾರಿ. "ಇಲ್ಲೇ ತಿರುಗಿಸೂಣ್ರಿ ಸರ್," ಅಂದಳು. ಹಿಂದ ಜೀಪಿನ್ಯಾಗ ಬಂದಿದ್ದ ಗುರುಪಾದಪ್ಪ ಮಾಸ್ತರು ಕೇಳಲಿಲ್ಲ.

"ಹೊಸಾ ಗಾಡಿ ತಗೊಂಡು ನಿಮ್ಮತ್ತಿ ಮನಿ ದಾಟಿ ಹೊಕ್ಕೀ ಏನವಾ? ಚಂದ ಕಾಣತೈತೇನು?" ಅಂದವರ ತಾವ ಮೊದಲ ಇಳದರು.

ಗಂಗಾದೇವಿ ಅಪ್ಪನ ತಂಗಿ ಶಿವಬಸವ್ವ ಬಾಗಲದಾಗ ಕಾದು ನಿಂತಿದ್ದಳು. ಸೊಸಿನ್ನ ಒಳಗ ಕರದು ಹೋಳಿಗಿ ಮುಂದ ಕುಂದರಿಸಿದಳು. ನಾಕು ತುತ್ತು ನುಂಗಿ ಗಂಗಾದೇವಿ ಹೊರಗ ಬಂದು ನೋಡ್ತಾಳ, ಅತ್ತಿ ಮತ್ತ ಓಣಿ ಹೆಣ್ಣಮಕ್ಕಳು ಸೇರಿ ಗಾಡಿ ಪೂಜಿ ಮುಗಿಸ್ಯಾರ. ಒಂದೊಂದು ಪ್ಯಾನೆಲ್ಲಿಗೂ ಮೂರು ಬಟ್ಟು ಹಸೀ ವಿಭೂತಿ. ಆ ಬಿಸಲಿಗೆ ಒಣಗಿ ಸುಣ್ಣ ಹೊಡದಂಗ ಬಿಳೇ ಆಗಿತ್ತು.

ಗಾಡಿ ಅಂಗಳ ದಾಟಲಿಲ್ಲ. ಮೀಟರಿನ ಮುಳ್ಳು ಮಲಗಿತು.

"ವಿಭೂತಿ ಒರಸಬೇಕ್ರಿ ಸರ್."

"ಪೂಜಿ ಮಾಡಿದ್ದು ಅಳಸಬಾರದವಾ. ಸ್ವಲ್ಪ ತಡಿ, ನೋಡೂಣು."

"ಪ್ಯಾನೆಲ್ಲಿನ ಒಂದು ಸೆಲ್ಲಿಗೆ ನೆರಳ ಬಿದ್ರ ಇಡೀ ಸಾಲು ಸಾಯತೈತಿ ಅಂತ ಕಲಿಸಿದವರು ನೀವ ಅಲ್ರೀ?"

"ಕಲಿಸೇನಿ. ಆದ್ರೂ..."

ಆ ಆದ್ರೂ ಕೇಳಿ ಆಕಿಗೆ ಮೈ ಉರದು ಹೋತು. ಕೊರಳಾಗ ಲಿಂಗ, ಕೈಯಾಗ ಮೀಟರು ಹಿಡಕೊಂಡು ಈ ಮನಶಾ ಆಕಾಶ ನೋಡಕೋತ ನಿಂತಾನ, ಅತ್ತಾಗ ಹೊತ್ತು ಇಳಿಯಾಕ ಹತ್ತೇತಿ. ತಾನ ಒರಸಾಕ ಅರಬಿ ತಗೊಂಡಳು. ಆದ್ರ ಕೈ ಮುಂದ ಹೋಗಲಿಲ್ಲ. ಹೆಣ್ಣಹುಡುಗಿಗೆ ಇಂಜಿನಿಯರಿಂಗ್ ಯಾಕ ಅಂತ ಅಪ್ಪ ಹಟ ಹಿಡದು ಕುಂತಾಗ, ಖಾನಾಪುರದಿಂದ ಬಂದು ಅವನ ಜೋಡಿ ಜಗಳಾಡಿ ಕಾಲೇಜಿಗೆ ಹಚ್ಚಿದಾಕಿ ಇದ ಅತ್ತಿ. ಆಕಿ ಕಣ್ಣ ಮುಂದ ಆಕಿ ಹಚ್ಚಿದ ವಿಭೂತಿ ಹೆಂಗ ಒರಸೂದು? ಮಾಸ್ತರ ಮ್ಯಾಲಿನ ಸಿಟ್ಟು ಈಗ ತನ್ನ ಮ್ಯಾಲ ತಿರುಗಿತು.

"ಯಾಕ ನಿಂತೀ?" ಅಂದಳು ಶಿವಬಸವ್ವ.

"ವಿಭೂತಿ ಬಿಸಲು ತಡೀತೈತಿ ಅತ್ತಿ. ಗಾಡಿ ಹೋಗೂದಿಲ್ಲ."

ಶಿವಬಸವ್ವ ಒಳಗಿಂದ ತಂಬಿಗಿ ನೀರು ತಂದು, ಸೆರಗಿನ ತುದಿ ತೋಯಿಸಿ, ಮುಂದಿನ ಪ್ಯಾನೆಲ್ಲಿನಿಂದ ಒರಸಾಕ ಹತ್ತಿದಳು.

"ತಾಯೀ, ಪೂಜಿ ಮಾಡಿದ್ದದು," ಅಂದ್ರು ಮಾಸ್ತರು.

"ಹುಡುಗಿ ಸುಖರೂಪ ಊರು ಮುಟ್ಟಲಿ ಅಂತ ಮಾಡೇನ್ರಿ. ನನ್ನ ಅಂಗಳದಾಗ ನಿಲ್ಲಲಿ ಅಂತ ಅಲ್ಲ." ಕೈ ನಿಲ್ಲಿಸದನ ಸೊಸಿ ಕಡೆ ಹೊಳ್ಳಿದಳು. "ನನಗ ಆಗಳ ಹೇಳೂದಲ್ಲೇನ? ಅತ್ತಿಗೆ ಅಂಜಾಕ ಇಂಜಿನಿಯರಿಂಗ್ ಓದೀಯೇನು?"

ಗಂಗಾದೇವಿ ತಾನೂ ಅರಬಿ ತೋಯಿಸಿ ಆ ಕಡೆಯಿಂದ ಒರಸಿದಳು. ಮೀಟರಿನ ಮುಳ್ಳು ಮತ್ತ ಎದ್ದಿತು, ಗಾಡಿ ಅಂಗಳ ದಾಟಿತು.

ಕಾಲೇಜಿನ ಗೇಟು ಹೊಕ್ಕಾಗ ಬಿಸಲು ಇನ್ನೂ ಗಿಡದ ತುದಿ ಮ್ಯಾಲಿತ್ತು. ಪ್ರಿನ್ಸಿಪಾಲರು ಗಡಿಯಾರ ನೋಡಿ, ಗಾಡಿ ನೋಡಿ, "ಆತು, ರೇಸಿಗೆ ಕಳಸೂಣು," ಅಂದ್ರು. ಹುಡುಗರು ಕುಣದರು. ಗುರುಪಾದಪ್ಪ ಮಾಸ್ತರು ಜೀಪಿನಿಂದ ಇಳದು, ಹಣಿ ಒರಸಿಕೊಂಡು, "ನಾ ಹೇಳಿದ್ದಿಲ್ಲೇನ್ರಿ? ಇವರತ್ತಿ ಪೂಜಿ ಮಾಡಿದ್ರು, ಅದಕ್ಕ ಮುಟ್ಟಿತು," ಅಂದ್ರು.

ಏನೇನೋ ಅನ್ನಾಕ ಗಂಗಾದೇವಿ ಬಾಯಿ ತೆರದಳು. ಅತ್ತಿಯ ತೊಯ್ದ ಸೆರಗು ಕಣ್ಣಿಗೆ ಕಟ್ಟಿತು.

"ಹೌದ್ರಿ ಸರ್," ಅಂದಳು. "ಎರಡು ಸಲ ಮಾಡಿದಳು."