ಬೆಂಚಿನ ಬಲಮಗ್ಗುಲು

ಸಕಲ ನಾದಗಳಿಗೆ ಮೂಲನಾಗಿ, ನಾದವಡಗಿದ ಮೌನದಲ್ಲಿಯೂ ತಾನೇ ತುಂಬಿರುವ ಪರಮಾತ್ಮನಿಗೆ ತಲೆಬಾಗಿ ಈ ಕಥೆಗೆ ತೊಡಗೋಣ.

ಅಕ್ಕನ ಪಿಯಾನೋ ಬೆಂಚು ಕಿರುಗುಟ್ಟುತ್ತಿತ್ತು. ಬಾಗಿಲು ಕಿಟಕಿಗಳನ್ನು ಮಾಡಿಯೇ ತಲೆ ನರೆಸಿಕೊಂಡ ಬಡಗಿ ತಮ್ಮನಿಗೆ ಅದನ್ನು ಸರಿಪಡಿಸುವುದು ನೀರು ಕುಡಿದಷ್ಟು ಸುಲಭದ ಕೆಲಸವೆನಿಸಿತು. ಅಕ್ಕನಿಗೆ ಹಾಗಲ್ಲ. ಭಾವ ತೀರಿಕೊಂಡಂದಿನಿಂದ ಪಿಯಾನೋ ಮುಚ್ಚಳ ತೆರೆಯದಿದ್ದವಳು, ಹಳೆಯ ಶಿಷ್ಯೆಯರ ಒತ್ತಾಯಕ್ಕೆ ಕಟ್ಟುಬಿದ್ದು ಅಂದು ಸಂಜೆ ನುಡಿಸಲು ಒಪ್ಪಿದ್ದಳು. ನುಡಿಸಲು ಆರಿಸಿಕೊಂಡದ್ದು ಅಪ್ಪ ಕಲಿಸಿದ ಒಂದು ರಚನೆ; ಅದರಲ್ಲಿ ಸ್ವರಕ್ಕಿಂತ ಸ್ವರಗಳ ನಡುವಿನ ಮೌನದ ಬಿಡುವೇ ಹೆಚ್ಚು. ಬಿಡುವಿನಲ್ಲಿ ಬೆಂಚು ಬಾಯಿ ಹಾಕಿದರೆ ಮತ್ತೆಂದೂ ಪಿಯಾನೋ ಮುಟ್ಟೆನೆಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು.

ತಮ್ಮ ಬೆಂಚನ್ನು ಮಗುಚಿದ. ಪಕ್ಕದ ಗುಂಡಿಗಳನ್ನು ತಿರುಗಿಸಿದರೆ ಆಸನ ಏರಿಳಿಯುವ ಬೆಂಚು ಅದು. ಬಾಲ್ಯದಲ್ಲಿ ಇಬ್ಬರೂ ಅದನ್ನೇರಿಸಿ ಇಳಿಸಿ ಆಡುತ್ತಿರುವಾಗ ಒಳಗಿಂದ ಅಪ್ಪ ಕೆಮ್ಮಿದರೆ ಸಾಕು, ಗೊಂಬೆಗಳಂತೆ ಕುಳಿತುಬಿಡುತ್ತಿದ್ದರು. ಅಡಿಯಲ್ಲಿ ಕತ್ತರಿಯಂತೆ ಹೆಣೆದ ಕಬ್ಬಿಣದ ಪಟ್ಟಿಗಳಿಗೆ ಅವನು ಎಣ್ಣೆ ಬಿಟ್ಟು, ನಟ್ಟನಡುವೆ ಕುಳಿತು ಓಲಾಡಿ ನೋಡಿದ. ಸದ್ದಿಲ್ಲ. ಅಕ್ಕ ಕುಳಿತಳು, ಮತ್ತೆ ಕಿರ್ರೆಂದಿತು.

“ನೀನು ಕೂತ್ರೆ ಸುಮ್ನಿರುತ್ತಲ್ಲೋ,” ಎಂದಳು. “ಪಾಪ, ನಿನ್ನ ತೂಕಕ್ಕೆ ಉಸಿರೇ ನಿಂತಿರಬೇಕು.”

ಇನ್ನಷ್ಟು ಎಣ್ಣೆ ಹಾಕಿದರೂ ಫಲವಾಗಲಿಲ್ಲ. ಸೋತು ನೆಲದ ಮೇಲೆ ಕುಳಿತಾಗಲೇ ಅದು ಅವನ ಕಣ್ಣಿಗೆ ಬಿದ್ದದ್ದು: ಅಕ್ಕ ಬೆಂಚಿನ ಎಡಮಗ್ಗುಲಲ್ಲಿ ಕುಳಿತಿದ್ದಳು. ಬಲಮಗ್ಗುಲು ಬರಿದಾಗಿತ್ತು. ಅಪ್ಪ ಇಬ್ಬರನ್ನೂ ಜೊತೆಗೆ ಕೂರಿಸಿ ಪಾಠ ಹೇಳುತ್ತಿದ್ದಾಗ ಅದು ಅವನ ಜಾಗ. ಅವನು ಪಾಠಕ್ಕೆ ಕೈಮುಗಿದು ಉಳಿ ಹಿಡಿದ ಮೇಲೂ ಅವಳು ಬೆಂಚನ್ನೇ ಬಲಕ್ಕೆ ಸರಿಸಿಟ್ಟುಕೊಂಡು, ತಮ್ಮನ ಜಾಗ ಬಿಟ್ಟೇ ಕೂರುತ್ತ ಬಂದಿದ್ದಳು. ಒಂದೇ ಕಡೆಯ ಭಾರಕ್ಕೆ ಎಡಗಾಲುಗಳ ಬೋಲ್ಟು ಸಡಿಲಗೊಂಡು ಮರಕ್ಕೆ ಮರ ಉಜ್ಜುತ್ತಿತ್ತು. ಅವನೋ ಕಬ್ಬಿಣಕ್ಕೆ ಎಣ್ಣೆಯೆರೆಯುತ್ತಿದ್ದ.

ನಡುವೆ ಕೂರಬಾರದೇ ಎಂದು ಕೇಳಿದ. ಅವಳು ಸರಿದು ಕುಳಿತು, ಕೈಯಿಟ್ಟು, ಹಿಂದೆಗೆದಳು.

“ಯಾರದೋ ಮನೇಲಿ ಕೂತ ಹಾಗಿದೆ ಕಣೋ.”

ತಮ್ಮ ಮತ್ತೆ ಬೆಂಚನ್ನು ಮಗುಚಿದ. ಎಡಗಾಲುಗಳನ್ನು ಬಿಚ್ಚಿ, ಕೂಡುವ ಜಾಗವನ್ನು ಹೆರೆದು, ಮೇಣ ತಿಕ್ಕಿ, ಬೋಲ್ಟಿಗೆ ತೊಗಲಿನ ಬಿಲ್ಲೆ ಕೊಟ್ಟು ಬಿಗಿದ. ಅಕ್ಕ ಎಡಕ್ಕೇ ಕುಳಿತು ವಾಲಿದಳು. ಬೆಂಚು ತುಟಿಪಿಟಕ್ಕೆನ್ನಲಿಲ್ಲ.

ಅಷ್ಟರಲ್ಲಿ ಶಿಷ್ಯೆಯರು ಬಂದು ಕುರ್ಚಿಗಳನ್ನು ತುಂಬಿದರು. ಅಕ್ಕನ ಕೈಗಳು ಮಡಿಲು ಬಿಟ್ಟೇಳಲಿಲ್ಲ.

“ಈಗ ನೆಪಾನೂ ಇಲ್ವಲ್ಲೋ,” ಎಂದಳು, ಅವನಿಗಷ್ಟೇ ಕೇಳುವಂತೆ.

ತಮ್ಮ ಅಂಗೈಯ ಮೇಣವನ್ನು ಪಂಚೆಗೊರಸಿಕೊಂಡು ಬಲಮಗ್ಗುಲಲ್ಲಿ ಕುಳಿತ. “ನುಡಿಸೋದು ಮರೆತೋಗಿದೆ. ಹಾಳೆ ತಿರುವೋದು ಬರುತ್ತೆ. ಶುರುಮಾಡಕ್ಕ.”

ಅವಳು ಮೊದಲ ಸ್ವರವನ್ನು ಒತ್ತಿದಳು. ಮೊದಲ ಬಿಡುವು ಬಂತು. ಕೋಣೆಯಲ್ಲಿ ಯಾರೂ ಅಲುಗಲಿಲ್ಲ. ಒಳಮನೆಯಿಂದ ಅಪ್ಪ ಆಲಿಸುತ್ತಿರುವನೇನೋ ಎಂಬಂತೆ ಇಬ್ಬರೂ ಬೆನ್ನು ನೆಟ್ಟಗೆ ಮಾಡಿಕೊಂಡರು. ಆಮೇಲೆ ಎರಡನೆಯ ಸ್ವರ.

ಈ ಕಥೆಯನ್ನು ಕೇಳಿದವರೆಲ್ಲರ ಮನೆಯಲ್ಲಿ ನಾದ ನೆಲೆಸಲಿ, ಒಡಹುಟ್ಟಿದವರ ಪ್ರೀತಿ ಬತ್ತದಿರಲಿ, ಸರ್ವರಿಗೂ ಮಂಗಳವಾಗಲಿ.